ವಾಮದೇವರಿಗೆ, ಗಾಳಿ ನಿಲ್ಲಿಸಿದ ಹನ್ನೊಂದನೇ ದಿನ

ವಾಸನೆ ನಿಂತ ಮೂವತ್ತೊಂದನೇ ವರ್ಷ
ನಿಮ್ಮ ಕ್ಯಾಲೆಂಡರಿಗೆ ೨೧೬೪, ನಮ್ಮ ಲೆಕ್ಕಕ್ಕೆ ಜೂನ್ ೩೧
ಹಳ್ಳದಕೊಪ್ಪಲು

ಎಂಜಿನಿಯರ್ ವಾಮದೇವ ಅವರಿಗೆ,

ಜೂನ್ ತಿಂಗಳಿಗೆ ಮೂವತ್ತೊಂದನೇ ದಿನ ಎಲ್ಲಿಂದ ಬಂತೆಂದು ಹುಬ್ಬು ಗಂಟಿಕ್ಕಬೇಡಿ. ಟ್ಯಾಂಕು ತೊಳೆಯುವವರಿಗೆ ರಜೆ ಇರಲೆಂದು ನಾವೇ ಸೇರಿಸಿಕೊಂಡ ದಿನ ಅದು. ನಿಮ್ಮಿಂದ ತೊಂಬತ್ತು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ, ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೇ.

ನಾನು ಇಲ್ಲಿಯ ಉಸಿರುಗಾರ್ತಿ. ಅಂದರೆ ಕೊಳಚೆ ನೀರಿನ ಟ್ಯಾಂಕಿಗೆ ಎಷ್ಟು ಬೇಕೋ ಅಷ್ಟೇ ಗಾಳಿ ಊದಿಸುವವಳು. ನಿಮ್ಮ ಘಟಕದಲ್ಲಿ ಬ್ಲೋವರ್ ನೋಡಿಕೊಳ್ಳುವ ದೇವೀರಮ್ಮನಿಂದ, ಆಕೆಯ ಮಗನ ಕಡೆಯಿಂದ, ಲೆಕ್ಕ ಹಿಡಿದರೆ ನಾನು ಐದನೇ ತಲೆ. ಬೆಳಿಗ್ಗೆ ಊರೆಲ್ಲ ಸ್ನಾನ ಮಾಡುವಾಗ ಗಾಳಿ ಹೆಚ್ಚಿಸುತ್ತೇನೆ, ಮಧ್ಯಾಹ್ನ ನೀರಿನ ಆಮ್ಲಜನಕ ಅಳೆದು ತಗ್ಗಿಸುತ್ತೇನೆ. ತಳದ ಕೆಸರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸುತ್ತೇವೆ. ಅದರಿಂದ ಬರುವ ಗ್ಯಾಸಿನಲ್ಲೇ ಬ್ಲೋವರ್‌ಗಳು ಓಡುತ್ತವೆ, ಉಳಿದದ್ದರಲ್ಲಿ ಶಾಲೆಯ ಮಕ್ಕಳಿಗೆ ಉಪ್ಪಿಟ್ಟು ಬೇಯುತ್ತದೆ. ನೀವು ಅದೇ ಗ್ಯಾಸನ್ನು ಆಕಾಶಕ್ಕೆ ಬಿಟ್ಟಿರಿ, ಅದರ ಸೆಕೆಯನ್ನು ನಾವು ಅನುಭವಿಸಿದೆವು. ತಿಂಗಳಿಗೊಮ್ಮೆ ಮೂಗುಪಂಚಾಯ್ತಿ ಸೇರುತ್ತದೆ. ಹಳ್ಳದ ಕೆಳಗಿನ ಐದು ಮನೆಯವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಾರೆ. ಅವರಲ್ಲಿ ಒಬ್ಬರು ಸೆರಗನ್ನು ಮೂಗಿಗೆ ಒಯ್ದರೂ ಸಾಕು, ವಾರವಿಡೀ ನನ್ನ ಊಟವೂ ಅಲ್ಲೇ. ಹೋದ ವರ್ಷ ಎರಡು ವಾರ ಹಾಗೆ ಉಂಡಿದ್ದೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಕರೆಂಟ್ ಉಳಿತಾಯದ ಪ್ರಶಸ್ತಿಗೆ ನೀವು ಅರ್ಜಿ ಹಾಕಿ ನಿಮ್ಮಲ್ಲಿ ಇವತ್ತಿಗೆ ಹನ್ನೊಂದು ದಿನ. ಅಂದಿನಿಂದ ಬ್ಲೋವರ್‌ಗಳನ್ನು ನಿಲ್ಲಿಸಿ ಕೂತಿದ್ದೀರಿ. ಮೊದಲ ದಿನವೇ ದೇವೀರಮ್ಮ ನಿಮ್ಮ ಮೇಜಿನ ಮುಂದೆ ನಿಂತು ಹೇಳಿದ ಮಾತು ನಮ್ಮ ಮನೆಯಲ್ಲಿ ತಲೆಯಿಂದ ತಲೆಗೆ ಬಂದಿದೆ. "ಸಾ, ಆ ನೀರೊಳಗೆ ಕೊಳೆ ತಿನ್ನೋ ಹುಳಕ್ಕೂ ಉಸ್ರು ಬೇಕು ಸಾ. ಪೂರಾ ನಿಲ್ಲುಸ್ಬ್ಯಾಡಿ. ಅಳತೆ ನೋಡ್ಕಂಡು ಕಮ್ಮಿ ಮಾಡಣ, ಅದ್ರಲ್ಲೂ ಕರೆಂಟು ಉಳೀತದೆ." ನೀವು ಕೊಟ್ಟ ಉತ್ತರವನ್ನೂ ನಾವು ಮರೆತಿಲ್ಲ. "ನೀನು ನಂಗೆ ಎಂಜಿನಿಯರಿಂಗ್ ಕಲಿಸ್ತೀಯೇನಮ್ಮ? ಹೋಗು, ಕಾಂಪೌಂಡಿಗೆ ಸೆಂಟ್ ಹೊಡಿ." ಹೊಡೆದಳು, ಮಲ್ಲಿಗೆ ಸೆಂಟು, ಡ್ರಮ್ಮುಗಟ್ಟಲೆ. ಮೇಲೆ ಥಳುಕು, ಒಳಗೆ ಹುಳುಕು.

ಇನ್ನು ಹದಿನೈದು ದಿನಕ್ಕೆ, ಒಂದು ಬುಧವಾರ, ದೇವೀರಮ್ಮನ ಮಗಳು ಸುಚಿತ್ರಳನ್ನು ನೋಡಲು ಗಂಡಿನ ಕಡೆಯವರು ಹಳ್ಳದಕೊಪ್ಪಲಿಗೆ ಬರುತ್ತಾರೆ. ವ್ಯಾನಿನಿಂದ ಇಳಿಯುವಾಗಲೇ ಕೊಳಚೆಯ ನಾತವೂ ನಿಮ್ಮ ಮಲ್ಲಿಗೆಯೂ ಒಟ್ಟಿಗೆ ಬಡಿಯುತ್ತವೆ. ಹುಡುಗನ ಸೋದರತ್ತೆ ಬಾಗಿಲ ರಂಗೋಲಿಯ ಮೇಲೇ ವಾಂತಿ ಮಾಡಿಕೊಳ್ಳುತ್ತಾಳೆ. "ಈ ನಾತದೂರಿನ ಸಂಬಂಧ ಬ್ಯಾಡ ಕಣ್ರಪ್ಪ" ಎಂದು ಒಬ್ಬರು ಅನ್ನುತ್ತಾರೆ. ತೊಟ್ಟು ನೀರೂ ಕುಡಿಯದೆ ಎಲ್ಲರೂ ವ್ಯಾನು ಹತ್ತುತ್ತಾರೆ. ಆ ಮಾತು ಸುತ್ತೂರಿಗೆಲ್ಲ ಹರಡಿತು, ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಇವತ್ತಿಗೂ ನಮ್ಮ ಮನೆಯ ಮದುಮಗಳು ಮಲ್ಲಿಗೆ ಮುಡಿಯುವುದಿಲ್ಲ. ನಿಮಗೇನೋ ಪ್ರಶಸ್ತಿ ಬಂತು. ಆಮೇಲೆ ಸತ್ತ ಟ್ಯಾಂಕನ್ನು ಬದುಕಿಸಲು ನಾಲ್ಕು ತಿಂಗಳು ಎಡೆಬಿಡದೆ ಬ್ಲೋವರ್ ಓಡಿಸಿದಿರಿ. ಉಳಿಸಿದ ಕರೆಂಟಿನ ಎರಡರಷ್ಟು ಅಲ್ಲೇ ಸುಟ್ಟುಹೋಯಿತು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಹುಟ್ಟುವ ಮೊದಲೇ ಇದ್ದ ಸಿಟ್ಟು ಇದು, ನಾನು ಅದನ್ನು ಅಕ್ಕರೆಯಿಂದ ಸಾಕಿಕೊಂಡು ಬಂದಿದ್ದೇನೆ. ಸೇಡು ತೀರಿಸಿಕೊಳ್ಳಲು ನಮಗೆ ಕೋರ್ಟು ಕಚೇರಿ ಬೇಕಾಗಲಿಲ್ಲ. ಮೂಗುಪಂಚಾಯ್ತಿ ಮೊದಲ ಸಲ ಸೇರಿದಾಗ, ದೂರವನ್ನು ಮೀಟರಿನಲ್ಲಿ ಅಳೆಯುವಂತೆ ನಾತವನ್ನು ಯಾವುದರಲ್ಲಿ ಅಳೆಯುವುದು ಎಂಬ ಪ್ರಶ್ನೆ ಎದ್ದಿತು. ಎಂಬತ್ತೆರಡು ವರ್ಷದ ಸುಚಿತ್ರಜ್ಜಿ ಕೋಲೂರಿ ಎದ್ದು ಒಂದು ಹೆಸರು ಸೂಚಿಸಿದಳು. ಯಾರೂ ಎದುರಾಡಲಿಲ್ಲ. ಅಂದಿನಿಂದ ಮಗುವಿನ ಒದ್ದೆ ಚಡ್ಡಿ ಕಾಲು ವಾಮದೇವ. ಸತ್ತ ಇಲಿ ಎರಡು ವಾಮದೇವ. ಶಾಲೆಯ ಪುಸ್ತಕದಲ್ಲೂ ಹಾಗೆಯೇ ಅಚ್ಚಾಗಿದೆ. ನಿಮ್ಮ ಮರಿಮಕ್ಕಳು ಅಡ್ಡಹೆಸರು ಬದಲಿಸಿಕೊಂಡು ಬೇರೆ ಊರು ಸೇರಿದರು.

ಹನ್ನೊಂದು ದಿನಕ್ಕೆ ಟ್ಯಾಂಕು ಪೂರ್ತಿ ಸತ್ತಿರುವುದಿಲ್ಲ. ಇವತ್ತೇ ಗಾಳಿ ಕೊಟ್ಟರೆ ಆ ಬುಧವಾರದ ಹೊತ್ತಿಗೆ ನಾತ ಇಳಿಯುತ್ತದೆ, ಬಂದವರು ಕೂತು ಕಾಫಿ ಕುಡಿಯುತ್ತಾರೆ. ಎಷ್ಟು ಗಾಳಿ ಬೇಕೆಂದು ದೇವೀರಮ್ಮನನ್ನು ಕೇಳಿ. ಆಕೆಯನ್ನು ಕರೆಸಬೇಡಿ, ನೀವೇ ಎದ್ದು ಹೋಗಿ ಕೇಳಿ.

ಹಾಗೆ ಮಾಡಿದರೆ ನಿಮ್ಮನ್ನು ಜನ ಮರೆತುಬಿಡುತ್ತಾರೆ. ಕೆಲಸ ನೆಟ್ಟಗೆ ಮಾಡಿದ ಕೊಳಚೆ ಎಂಜಿನಿಯರನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ನಿಮಗಾದರೋ ಹೆಸರು ಉಳಿಯಬೇಕೆಂಬ ಆಸೆ ಬಹಳವಂತೆ. ಬ್ಲೋವರ್ ಹಾಕಬೇಡಿ ಹಾಗಾದರೆ. ಹೆಸರು ಉಳಿಸುವ ಕೆಲಸ ನನಗಿರಲಿ.

ಹೊನ್ನಿ, ಉಸಿರುಗಾರ್ತಿ