ಮೂರನೇ ಯತ್ನ, ಎಂಟು ಗಜ

ಅಕ್ಟೋಬರ್ 12, ಶನಿವಾರ. ಬೆಳಿಗ್ಗೆ ಹತ್ತು

ನಿನ್ನೆಯ ನಮ್ಮ ಶಾಲೆಯ ಅಮೆರಿಕನ್ ಫುಟ್‌ಬಾಲ್ ಆಟದ ವಿಡಿಯೊ ಮತ್ತೆ ಹಾಕಿದೆ. ಮೂರನೇ ಸಲ. ಕಾಫಿ ಆರಿಹೋಯಿತು. ಆರು ಸ್ಯಾಕ್. ಅಂದರೆ ಆರು ಸಲ ನಮ್ಮ ಕ್ವಾರ್ಟರ್‌ಬ್ಯಾಕ್ ಕೋಲ್ಟನ್, ಚೆಂಡು ಎಸೆಯುವ ಮೊದಲೇ ಮಣ್ಣು ಮುಕ್ಕಿದ. ಪಾಪದ ಹುಡುಗ, ಇವತ್ತು ಕೈ ಎತ್ತಿ ತಲೆ ಬಾಚಲೂ ಆಗುತ್ತಿಲ್ಲವಂತೆ.

ಹೆಡ್ ಕೋಚ್ ರೆಡಿಂಗರ್ ಬಂದ. ನಿಂತೇ ನೋಡಿದ. ಆರರಲ್ಲಿ ನಾಲ್ಕನ್ನು ಮಿಲೊನ ತಲೆಗೆ ಕಟ್ಟಿದ. ನಾನು ತರಬೇತಿ ಕೊಡುವ ಸಾಲಿನ ಎಡತುದಿಯಲ್ಲಿ ನಿಂತು ಕೋಲ್ಟನ್‌ನ ಬೆನ್ನು ಕಾಯುವವನು ಮಿಲೊ.

"ನಿನ್ನ ಹುಡುಗ ಗೋಡೆ ಅಲ್ಲ ಕಣಯ್ಯ ಎಲ್ಡನ್, ಬಾಗಿಲು. ದೂಡಿದ್ರೆ ತೆರ್ಕೋತಾನೆ. ಮುಂದಿನ ಶುಕ್ರವಾರ ಅವನ ಜಾಗದಲ್ಲಿ ಬ್ರೆಂಟ್ ಆಡ್ಲಿ."

ಮುಂದಿನ ಶುಕ್ರವಾರವೇ ತಮ್ಮ ತಂಡಕ್ಕೆ ಆರಿಸಿಕೊಳ್ಳಬಹುದೇ ಎಂದು ಕಾಲೇಜಿನವರು ಮಿಲೊನನ್ನು ನೋಡಲು ಬರುವುದು. ಅವನನ್ನು ಕೇಳಿಕೊಂಡು ಬರುತ್ತಿರುವುದು ಅದೊಂದೇ ಕಾಲೇಜು. ಬೆಂಚಿನ ಮೇಲೆ ಕೂತವನನ್ನು ಯಾರು ನೋಡುತ್ತಾರೆ? ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಅದೇ ದಿನ, ಮಧ್ಯಾಹ್ನ

ಸ್ಟಾಪ್‌ವಾಚ್ ಹಿಡಿದು ಕೂತೆ. ಮಿಲೊ ಪ್ರತಿಸಲವೂ ಎದುರಿನವನನ್ನು ಮೂರು ಸೆಕೆಂಡು ತಡೆದಿದ್ದಾನೆ! ಈ ವಯಸ್ಸಿಗೆ ಅದು ಬೇಕಾದಷ್ಟು. ರೆಡಿಂಗರ್ ಹೇಳುವ ಪಟ್ಟು ನಡೆಯಲು ಬೇಕಾದದ್ದು ನಾಲ್ಕು. ಕೋಲ್ಟನ್ ಏಳು ಹೆಜ್ಜೆ ಹಿಂದಕ್ಕೆ, ಆಮೇಲೆ ದೂರದ ಎಸೆತ.

ಅದಕ್ಕಿಂತ ಕರ್ಮ ಇನ್ನೊಂದಿದೆ. ನಾಲ್ಕು ಯತ್ನದಲ್ಲಿ ಚೆಂಡು ಹತ್ತು ಗಜ ಮುಂದೆ ಹೋಗಬೇಕು. ರೆಡಿಂಗರ್ ಮೊದಲೆರಡು ಯತ್ನ ಚೆಂಡು ಹಿಡಿದವನನ್ನು ನಡುವೆ ನುಗ್ಗಿಸುತ್ತಾನೆ, ಎರಡು ಗಜ ಸಿಕ್ಕರೆ ಪುಣ್ಯ. ಮೂರನೆಯದಕ್ಕೆ ಎಂಟು ಗಜ ಬಾಕಿ. ಆಗ ಆ ದೂರದ ಎಸೆತ, ಪಾಸ್. ಪ್ರತಿಸಲ! ಆರು ಸ್ಯಾಕೂ ಅಲ್ಲೇ. ಎದುರಿನವನಿಗೆ ಯೋಚನೆಯೇ ಬೇಡ, ಕಣ್ಣು ಮುಚ್ಚಿ ನುಗ್ಗಿದರಾಯಿತು.

ಹೆಂಡತಿ ಲೊರೆಟ್ಟಾಗೆ ವಿವರಿಸಹೋದೆ. ನಕ್ಕುಬಿಟ್ಟಳು. ಮೈದಾನದಲ್ಲಿ ಪಾಪ್‌ಕಾರ್ನ್ ಮಾರುವವಳು ಅವಳೇ.

"ಇದಕ್ಕೆ ಗಡಿಯಾರ ಬೇರೆ ಕೇಡು ನಿಂಗೆ! ಪಾಪ್‌ಕಾರ್ನ್ ಸಾಲಲ್ಲಿ ನಿಂತೋರೆಲ್ಲ ಮೊದ್ಲೇ 'ಈಗ ಪಾಸು' ಅಂತಾರೆ. ನಾನಂತೂ ಮೈದಾನಕ್ಕೆ ಬೆನ್ನು ಹಾಕ್ಕೊಂಡೇ ಹೇಳ್ತೀನಿ."

ಹನ್ನೊಂದು ವರ್ಷದಿಂದ ಈ ತಡೆಯುವ ಸಾಲಿಗೆ ಕೋಚು ನಾನು. ಪಾಪ್‌ಕಾರ್ನ್ ಅಂಗಡಿಗೆ ಗೊತ್ತಿರುವುದು ನನಗೆ ಇವತ್ತು ಹೊಳೆಯಿತು. ಥೂ.

ಅಕ್ಟೋಬರ್ 14, ಸೋಮವಾರ

ರೆಡಿಂಗರ್‌ಗೆ ಸೆಕೆಂಡುಗಳ ಲೆಕ್ಕ ತೋರಿಸಿದೆ. ಓದಲಿಲ್ಲ.

"ತಡೆಯೋದು ಅವರ ಕೆಲಸ. ಪಟ್ಟು ಹೇಳೋದು ನನ್ನ ಕೆಲಸ. ನಿನ್ನ ಬಡಗಿ ಬುದ್ಧಿ ಇಲ್ಲಿ ತರಬೇಡ."

ಶಾಲೆಯಲ್ಲಿ ನಾನು ಕಲಿಸುವುದು ಮರಗೆಲಸ. ಅದನ್ನು ಹಿಡಿದು ಚುಚ್ಚಿದ. ನಾನೂ ಬಿಡಲಿಲ್ಲ. "ಬಡಗಿಗಾದ್ರೂ ಮರ ಎಷ್ಟು ಭಾರ ತಡೆಯುತ್ತೆ ಅಂತ ಗೊತ್ತಿರುತ್ತೆ ಕಣೋ!" ಕಾರಿಡಾರ್ ಪೂರ್ತಿ ಕೇಳಿಸಿರಬೇಕು.

ಕೇಳಿಸಿತ್ತು. ಬಾಗಿಲಲ್ಲಿ ಮಿಲೊ. ಇನ್ನೂರ ತೊಂಬತ್ತು ಪೌಂಡಿನ ಹುಡುಗ, ಎಷ್ಟು ಸಣ್ಣಗಾಗಿ ನಿಂತಿದ್ದ.

"ನಾನೇ ಸರಿ ಇಲ್ವೇನೋ ಕೋಚ್. ಬ್ರೆಂಟ್‌ಗೇ ಕೊಡಿ ಬಿಡಿ."

"ಬಾಯಿ ಮುಚ್ಚು. ಹೋಗಿ ಊಟ ಮಾಡು."

ಹಾಗೆ ಗದರಬಾರದಿತ್ತು.

ಅಕ್ಟೋಬರ್ 15, ಮಂಗಳವಾರ. ಸಂಜೆ

ಇವತ್ತು ಆದದ್ದನ್ನು ಬರೆಯಲೇಬೇಕು.

ಅಭ್ಯಾಸದ ಹೊತ್ತು. ಕೋಲ್ಟನ್ ಚೆಂಡನ್ನು ಬೇಗ ಎಸೆದುಬಿಡುತ್ತಿದ್ದ. ಪೆಟ್ಟು ತಿಂದವನು, ಹೆದರಿಕೆ ಇರುವುದಿಲ್ಲವೇ? ರೆಡಿಂಗರ್‌ಗೆ ಸಿಟ್ಟು ನೆತ್ತಿಗೇರಿತು. ಚೆಂಡು ಕಿತ್ತುಕೊಂಡು ಅವನ ಜಾಗದಲ್ಲಿ ತಾನೇ ನಿಂತ.

"ಆ ಕಡೆ ನಿಂತು ನೋಡು. ಧೈರ್ಯ ಅಂದ್ರೆ ಇದು!"

ಐವತ್ತೆರಡು ವಯಸ್ಸು, ಎರಡು ಸಲ ಆಪರೇಷನ್ ಆದ ಮಂಡಿ. ಅಭ್ಯಾಸಕ್ಕೆ ಎದುರು ನಿಂತಿದ್ದ ನಮ್ಮದೇ ಹುಡುಗರಿಗೆ ನಾನು ಹೇಳಿದೆ: "ಬೀಳಿಸ್ಬೇಡಿ. ಮುಟ್ಟಿದ್ರೆ ಸಾಕು. ಆದ್ರೆ ಯಾವ ಪಟ್ಟು ಬರುತ್ತೆ ಅಂತ ಗೊತ್ತಿಲ್ದೋರ ಥರ ನಾಟಕ ಆಡ್ಬೇಡಿ."

ಮೂರನೇ ಯತ್ನ ಅಂತ ಹೇಳಿ ಐದು ಸಲ ಆಡಿದ. ಐದೂ ಸಲ ಎಸೆಯುವ ಮೊದಲೇ ಮುಟ್ಟಿದರು. ನಾನು ಜೋರಾಗಿ ಸೆಕೆಂಡು ಕೂಗುತ್ತಿದ್ದೆ — ಮೂರು! ಮೂರೂಕಾಲು! ಐದನೆಯದಕ್ಕೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಕಾಲು ತೊಡರಿ ಕೆಸರಿನಲ್ಲಿ ದೊಪ್ಪೆಂದು ಕೂತ. ಒಬ್ಬನೂ ನಗಲಿಲ್ಲ. ನಗುವ ಧೈರ್ಯ ಯಾರಿಗಿದೆ? ಮಿಲೊ ಹೋಗಿ ಕೈ ಕೊಟ್ಟು ಎಬ್ಬಿಸಿದ.

"ಯಾವ ಪಟ್ಟು ಅಂತ ಇವ್ರಿಗೆ ಹೇಗೆ ಗೊತ್ತಾಯ್ತು? ಹೇಳಿದ್ಯಾರು?" ರೆಡಿಂಗರ್ ನನ್ನ ಕಡೆ ನೋಡಿದ.

ಕೋಲ್ಟನ್ ಮೆಲ್ಲಗೆ, "ಮೂರನೇ ಯತ್ನ ಅಂದ್ರೆ ಯಾವಾಗ್ಲೂ ಅದೇ ಅಲ್ವಾ ಕೋಚ್?"

ರೆಡಿಂಗರ್ ಕೆಸರು ಕೂಡ ಒರೆಸಿಕೊಳ್ಳದೆ ಕಾರು ಹತ್ತಿದ.

ಅಕ್ಟೋಬರ್ 18, ಶುಕ್ರವಾರ. ಮಧ್ಯಾಹ್ನ

ರೆಡಿಂಗರ್ ಇವತ್ತು ಆಡುವವರ ಪಟ್ಟಿ ಅಂಟಿಸಿದ್ದಾನೆ. ಎಡತುದಿ — ಬ್ರೆಂಟ್. ಹಠ, ಬರೀ ಹಠ. ಮಿಲೊ ಪಟ್ಟಿ ನೋಡಿ ನನಗೇ ಸಮಾಧಾನ ಹೇಳಿದ. "ಇರ್ಲಿ ಬಿಡಿ ಕೋಚ್." ಅಳು ಬಂತು. ಅತ್ತ ಕಡೆ ತಿರುಗಿಕೊಂಡೆ.

ಅಕ್ಟೋಬರ್ 19, ಶನಿವಾರ. ಬೆಳಿಗ್ಗೆ ಎಂಟು

ನಿದ್ದೆ ಎಲ್ಲಿಂದ ಬರಬೇಕು! ಮೊದಲಿಂದ ಬರೆಯುತ್ತೇನೆ.

ಬ್ರೆಂಟ್ ಆಡಿದ. ಚೆನ್ನಾಗಿಯೇ ಆಡಿದ. ಮೂರನೇ ಯತ್ನ ಎರಡು ಸಲ ಬಂತು, ಎರಡು ಸಲವೂ ಸ್ಯಾಕ್. ಮಿಲೊನದ್ದರ ಪಡಿಯಚ್ಚು. ಎರಡನೆಯದಕ್ಕೆ ಕೋಲ್ಟನ್ ಏಳುವುದು ತಡವಾಯಿತು. ರೆಡಿಂಗರ್ ಅವನನ್ನೇ ನೋಡುತ್ತ ನಿಂತ. ಆಮೇಲೆ, ನನ್ನ ಮುಖ ನೋಡದೆ, "ಮಿಲೊನ ಕಳಿಸು."

ಹತ್ತು ಪಾಯಿಂಟ್ ಹಿಂದಿದ್ದೆವು. ಮತ್ತೆ ಮೂರನೇ ಯತ್ನ, ಎಂಟು ಗಜ. ರೆಡಿಂಗರ್ ಟೈಮ್‌ಔಟ್ ಕೇಳಿದ. ಹುಡುಗರು ಸುತ್ತ ನಿಂತರು. ಮಿಲೊನ ಹೆಲ್ಮೆಟ್ಟಿನ ಕಂಬಿ ಹಿಡಿದು ಹತ್ತಿರ ಎಳೆದ. ಬೈಯುತ್ತಾನೆ ಅಂದುಕೊಂಡೆ.

"ನಿನ್ನ ಎದುರಿನೋನು ಹೇಗೆ ಬರ್ತಿದಾನೆ?"

"ಕಣ್ಮುಚ್ಕೊಂಡು ಕೋಚ್. ನಾವು ಚೆಂಡು ಹಿಡ್ಕೊಂಡು ಓಡೋದೇ ಇಲ್ಲ ಅಂತ ಗ್ಯಾರಂಟಿ ಅವ್ನಿಗೆ."

"ಹಂಗಾದ್ರೆ ಏನ್ಮಾಡೋಣ?"

ಹುಡುಗ ಒಮ್ಮೆ ನನ್ನ ಕಡೆ ನೋಡಿದ. "ಚೆಂಡು ಹಿಡ್ದೋನನ್ನ ನನ್ನ ಪಕ್ಕದಲ್ಲೇ ಓಡ್ಸಿ."

ಓಡಿಸಿದ! ಎದುರಿನವನು ಪಾಸ್ ಅಂತ ನುಗ್ಗಿ ಬಂದ, ಮಿಲೊ ಅವನನ್ನು ಬಂದ ದಾರಿಯಲ್ಲೇ ಆಚೆ ಸಾಗಹಾಕಿದ. ಹದಿನಾಲ್ಕು ಗಜ. ಅಂಗಡಿ ಬಿಟ್ಟು ಬಂದ ಲೊರೆಟ್ಟಾ ಬೇಲಿ ಹಿಡಿದು ಕಿರುಚುತ್ತಿದ್ದಳು.

ಅಲ್ಲಿಂದ ಆಟವೇ ಬೇರೆ. ಮೊದಲ ಯತ್ನಕ್ಕೇ ಚಿಕ್ಕ ಪಾಸ್, ಒಂದೂವರೆ ಸೆಕೆಂಡಿಗೆ ಚೆಂಡು ಕೈಬಿಟ್ಟಿರುತ್ತಿತ್ತು. ಮತ್ತೆ ಓಟ, ಏಳು–ಹತ್ತಕ್ಕೆ ಬಂದೆವು. ಎದುರಿನವನಿಗೆ ನುಗ್ಗಬೇಕೋ ನಿಲ್ಲಬೇಕೋ ತಿಳಿಯದು. ಕೊನೆಗೆ ಓಡುವ ಹಾಗೆ ತೋರಿಸಿ ರೆಡಿಂಗರ್‌ನ ಅದೇ ದೂರದ ಎಸೆತ. ಮಿಲೊ ತಡೆದೇ ನಿಂತ. ಎಣಿಸಿದೆ — ನಾಲ್ಕೂಕಾಲು ಸೆಕೆಂಡು. ಕೋಲ್ಟನ್ ಬಸ್ಸಿಗೆ ಕಾಯುವವನ ಹಾಗೆ ನಿಂತು ಎಸೆದ. ಚೆಂಡು ಕೊನೆಯ ಗೆರೆಯಾಚೆ ನಮ್ಮವನ ಕೈಗೆ ಬಿತ್ತು, ಹದಿನಾಲ್ಕು–ಹತ್ತು. ಗೆದ್ದೆವು.

ಕಾಲೇಜಿನವನು ಮಿಲೊನ ಜೊತೆ, ಅವನ ಅಮ್ಮನ ಜೊತೆ ಬಹಳ ಹೊತ್ತು ಮಾತಾಡಿದ. ಏನು ಅಂತ ಇನ್ನೂ ಗೊತ್ತಿಲ್ಲ. ಬ್ರೆಂಟ್ ಬಂದು ಮಿಲೊನ ಹೆಗಲಿಗೆ ಗುದ್ದಿ ಹೋದ. ಒಳ್ಳೆಯ ಹುಡುಗ.

ಹತ್ತು ಗಂಟೆ

ವಿಡಿಯೊ ಹಾಕಿದ್ದೆ. ರೆಡಿಂಗರ್ ಬಂದ. ಇವತ್ತು ಕುರ್ಚಿ ಎಳೆದುಕೊಂಡು ಕೂತಿದ್ದಾನೆ. ಮುಂದಿನ ವಾರದ ಪಟ್ಟುಗಳ ಹಾಳೆ ಮೇಜಿನ ಮೇಲೆ, ಪೂರ್ತಿ ಖಾಲಿ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ನೋಡುತ್ತಿದ್ದಾನೆ.

"ಬರೆದಿದ್ದು ಸಾಕು, ಆ ಪುಸ್ತಕ ಮುಚ್ಚಿಡು. ನಿನ್ನ ಹುಡುಗರು ಎಷ್ಟು ಹೊತ್ತು ತಡೀತಾರೆ, ಮೊದ್ಲು ಅದನ್ನ ಹೇಳು. ಆಮೇಲೆ ನಾನು ಪಟ್ಟು ಬರೀತೀನಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ. ನಾನು—