ಹ್ಯಾಂಡಲ್ ಲಾಕ್ ಮಾಡಿ ಹೋದವನಿಗೆ

ಮನೆಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ನನ್ನ ಮೊಂಡ ಚಿಕ್ಕವನಿಗೆ ಅಮ್ಮನ ಪ್ರೀತಿ.

ಹೇಗಿದ್ದೀಯಪ್ಪಾ? ಎಡಗಿವಿಯ ನೋವು ಕಡಿಮೆಯಾಯಿತೇ? ಗೆಳೆಯನ ರೂಮಿನಲ್ಲಿ ನೆಲದ ಮೇಲೆ ಮಲಗುತ್ತಿದ್ದರೆ ಅಡಿಗೆ ದಪ್ಪಗೆ ಏನಾದರೂ ಹಾಸಿಕೋ. ಫೋನು ಎತ್ತುವುದಿಲ್ಲವೆಂದು ಹಟ ಹಿಡಿದವನು ಕಾಗದವನ್ನಾದರೂ ಒಡೆದು ನೋಡುತ್ತೀಯೆಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ನಮ್ಮ ಆರೋಗ್ಯಕ್ಕೇನೂ ಕೊರತೆಯಿಲ್ಲ. ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಅತ್ತಿಗೆಗೆ ಎಂಟು ತಿಂಗಳು ತುಂಬಿತು. ಮಗು ಒಳಗಿಂದಲೇ ಒದೆಯುವುದನ್ನು ನೋಡಿದರೆ ಥೇಟ್ ಚಿಕ್ಕಪ್ಪನೇ.

ನೀನು ಅಣ್ಣನ ಜೊತೆ ಜಗಳವಾಡಿ, ಮುಂಬಾಗಿಲಿನ ಇಕ್ಕಟ್ಟು ದಾರಿಯಲ್ಲಿ ಬೈಕು ನಿಲ್ಲಿಸಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. "ಈ ಗಾಡಿ ಇಲ್ಲಿಂದ ತೊಲಗ್ಬೇಕು" ಎಂದು ಅವನು, "ತಾಕತ್ತಿದ್ರೆ ನೀನೇ ತೆಗಿ" ಎಂದು ನೀನು. ಸರಿ, ತೆಗೆಯುವುದು ಹೇಗೆ ಮಾರಾಯ? ಮೊಣಕೈ ಅಗಲಿಸಿದರೆ ಎರಡೂ ಗೋಡೆ ತಾಗುವ ಜಾಗ. ಬೀದಿಯ ಕಡೆಯಿಂದ ಎಳೆದರೆ ಹ್ಯಾಂಡಲ್ಲಿನ ತುದಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಎತ್ತೋಣವೆಂದರೆ ಪಕ್ಕದಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಕದ ಮನೆಯ ಮೇಷ್ಟ್ರು ಒಂದು ಕೈ ನೋಡುತ್ತೇನೆಂದು ಎಳೆದು, ಅಂಗೈಯಗಲ ಗಾರೆ ಕೆಡವಿ, "ನಿಮ್ಮ ಮಗ ಗಾಡಿ ನಿಲ್ಸಿಲ್ಲಮ್ಮಾ, ಗೋಡೆ ಕಟ್ಟಿದಾನೆ" ಎಂದು ಕೈ ಒರೆಸಿಕೊಂಡು ಹೋದರು. ನಿನ್ನ ಅಣ್ಣ ಊಟದ ಡಬ್ಬಿಯನ್ನು ತಲೆಯ ಮೇಲೆ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ಕೆಲಸಕ್ಕೆ ಹೋಗುತ್ತಾನೆ. ಸಿಲಿಂಡರಿನವನು ಬಾಗಿಲು ನೋಡಿಯೇ ತಿರುಗಿ ಹೋದ. ತರಕಾರಿಯವಳು ಕಿಟಕಿಯ ಸರಳುಗಳ ನಡುವೆ ಬದನೆಕಾಯಿ ತೂರಿಸಿ ಕೊಡುತ್ತಾಳೆ; ಹೂಕೋಸು ತಿನ್ನುವ ಯೋಗ ಈ ಮನೆಗಿಲ್ಲ.

ನಿನ್ನ ಅತ್ತಿಗೆ ಮೊದಮೊದಲು ಹೇಗೋ ಉಸಿರು ಬಿಗಿಹಿಡಿದು ದಾಟುತ್ತಿದ್ದಳು. ಹನ್ನೊಂದು ದಿನದಿಂದ ಒಳಗೇ ಇದ್ದಾಳೆ. ಹೊಟ್ಟೆ ದಾಟುವುದಿಲ್ಲ. ಅಡುಗೆಮನೆಯಿಂದ ಮಲಗುವ ಕೋಣೆಗೆ, ಅಲ್ಲಿಂದ ಅಡುಗೆಮನೆಗೆ ನಡೆಯುತ್ತಾಳೆ. ಸಾಕಾದರೆ ಕಿಟಕಿಯ ಬಳಿ ಕೂತು, ಎದುರಿನ ಟೈಲರ್ ಯಾರಿಗೆ ಏನು ಹೊಲಿದನೆಂದು ನನಗೆ ವರದಿ ಒಪ್ಪಿಸುತ್ತಾಳೆ. ನಿನ್ನನ್ನು ಒಂದು ಮಾತೂ ಅಂದಿಲ್ಲ. ಅದೇ ನನಗೆ ಹೆಚ್ಚು ಚುಚ್ಚುವುದು. ಗುರುವಾರ ಡಾಕ್ಟರರು ನೋಡಬೇಕು ಎಂದಿದ್ದಾರೆ.

ಬೀಗದವನನ್ನು ಕರೆಸುತ್ತೇನೆಂದು ನಿನ್ನ ಅಣ್ಣ ಹೊರಟ. ನಿಮ್ಮಪ್ಪನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವಳು ಮನೆಯಲ್ಲಿರುವಾಗ ಹೊರಗಿನವರ ಕೈ ಯಾಕೆ ಎಂದೆ. ಅಷ್ಟರಲ್ಲಿ ಆ ಪುಣ್ಯಾತ್ಮ ಲಾಕಿನೊಳಗೆ ಅಡುಗೆ ಎಣ್ಣೆ ಸುರಿದಿದ್ದ. "ಸಲೀಸಾಗ್ಲಿ ಅಂತ ಹಾಕ್ದೆ ಅಮ್ಮಾ" ಅಂದ. ಅದೇನು ಬಾಣಲೆಯೇ? ಒಳಗಿನ ಧೂಳೆಲ್ಲ ಎಣ್ಣೆಯಲ್ಲಿ ಕಲಸಿ ಅಂಟಾಗಿತ್ತು. ಪೆನ್ನಿಗೆ ಶಾಯಿ ತುಂಬುವ ಫಿಲ್ಲರಿನಲ್ಲಿ ಸೀಮೆಎಣ್ಣೆ ಬಿಟ್ಟು ಬಿಟ್ಟು ತೊಳೆಯಲು ಎರಡು ದಿನ ಹಿಡಿಯಿತು. ಆಮೇಲೆ ಅಪ್ಪನ ಡಬ್ಬಿಯಿಂದ ಹಲ್ಲು ಕೊರೆಯದ ಖಾಲಿ ಕೀ ಒಂದನ್ನು ಹುಡುಕಿದೆ. ಹೊಸ್ತಿಲ ಮೇಲೆ ಕೂತು ಅದನ್ನು ಮೇಣದಬತ್ತಿಯ ಉರಿಗೆ ಹಿಡಿದು ಕಪ್ಪು ಮಾಡುವುದು, ಲಾಕಿಗೆ ಹಾಕಿ ಮೆಲ್ಲಗೆ ಅದುಮಿ ತಿರುಗಿಸುವುದು, ಹೊರಗೆ ತೆಗೆದು ಮಸಿ ಎಲ್ಲಿ ಅಳಿಸಿದೆಯೆಂದು ಭೂತಗನ್ನಡಿಯಲ್ಲಿ ನೋಡಿ ಅಲ್ಲಿ ಮಾತ್ರ ಅರದಿಂದ ಉಜ್ಜುವುದು. ಮತ್ತೆ ಮೇಣದಬತ್ತಿ, ಮತ್ತೆ ಅರ. "ಅವಸರ ಮಾಡಿದ್ರೆ ಕೀ ಹೋಗಿ ಬಾಚಣಿಗೆ ಆಗುತ್ತೆ ಕಣೇ" ಎಂದು ನಿಮ್ಮಪ್ಪ ಬೈಯುತ್ತಿದ್ದರು. ಒಳಗೆ ಆರು ಹಿತ್ತಾಳೆ ಬಿಲ್ಲೆಗಳಿವೆ. ಐದು ಒಪ್ಪಿಕೊಂಡಿವೆ. ಆರನೆಯದು ನಿನ್ನ ಜಾತಿಯದು, ಎಷ್ಟು ಕರೆದರೂ ಜಗ್ಗುವುದಿಲ್ಲ. ಆದ್ದರಿಂದ ಕಾಗದ ಸೇರಿದ ಕೂಡಲೇ ಕೀ ಹಿಡಿದುಕೊಂಡು ಬಾ. ಬೇರೆ ದಾರಿಯಿಲ್ಲ.

ಅಣ್ಣನಿಗೆ ನಿನ್ನ ಮೇಲೆ ಈಗ ಅಷ್ಟೇನೂ ಸಿಟ್ಟಿಲ್ಲ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, "ಊಟಕ್ಕೇನು ಮಾಡ್ತಾನಂತೆ ಅವ್ನು?" ಎಂದು ಕೇಳುತ್ತಾನೆ. ನನ್ನನ್ನಲ್ಲ, ಪೇಪರನ್ನು.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಗಾಳಿ ಹೊಡೆಸಿಕೊಳ್ಳಬೇಡ. ಎಲ್ಲಿದ್ದರೂ ತಣ್ಣಗಿರು ಮಗನೇ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆರನೆಯ ಬಿಲ್ಲೆಯ ಮಾತು ಸುಳ್ಳು. ಕೀ ಶುಕ್ರವಾರವೇ ತಿರುಗಿತ್ತು, ಹ್ಯಾಂಡಲ್ ನೇರವಾಗಿತ್ತು. ಒಂದು ಗಳಿಗೆ ನೋಡಿ, ನಾನೇ ಮತ್ತೆ ಎಡಕ್ಕೆ ತಿರುಗಿಸಿ ಲಾಕ್ ಮಾಡಿಬಿಟ್ಟೆ. ಗಾಡಿ ಹೊರಗೆ ಹೋದರೆ ಇನ್ನು ಏನು ಹೇಳಿ ನಿನ್ನನ್ನು ಕರೆಯಲಿ ಎಂದು. ಈಗ ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ನಿನ್ನ ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು. "ಅತ್ತೆ, ಶುಕ್ರವಾರ ಅದು ಟಕ್ ಅಂದಿದ್ದು ನನಗೂ ಕೇಳಿಸ್ತು. ಅವನು ಬರ್ಲಿ ಅಂತ ನಾನೂ ಸುಮ್ನಿದ್ದೆ. ಆದ್ರೆ ಇವತ್ತು ನನಗೆ ಹೊರಗೆ ಹೋಗ್ಲೇಬೇಕು ಅನ್ನಿಸ್ತಿದೆ ಅತ್ತೆ" ಅಂದಳು. ಅವಳ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ ಕೀ ಹಾಕಿದೆ. ಅವಳನ್ನು ಮುಟ್ಟಗೊಡದೆ, ಮೇಷ್ಟ್ರನ್ನು ಕೂಗಿ, ಅವರು ಅತ್ತಲಿಂದ ಎಳೆದು ನಾನು ಇತ್ತಲಿಂದ ತಳ್ಳಿ, ಗಾಡಿಯನ್ನು ಟೈಲರ್ ಅಂಗಡಿಯ ನೆರಳಲ್ಲಿ ನಿಲ್ಲಿಸಿದ್ದೇವೆ. ಅವಳು ಬೀದಿಯ ಕೊನೆಯವರೆಗೆ ನಡೆದು ಬಂದಳು, ಈಗ ಇನ್ನೊಂದು ಸಲ ಹೋಗಿದ್ದಾಳೆ. ನಿನ್ನ ಕೀ ಯಾರಿಗೂ ಬೇಕಾಗಿಲ್ಲ. ಸುಮ್ಮನೆ ಬಾ.