ಮೂಲೆಯ ಪಿಯಾನೊ

ಬ್ರೆಮೆನ್, ಸೋಮವಾರ

ವೀಬ್ಕೆ,

ನೀನು ತೀರಿಕೊಂಡ ಮೇಲೆ, ನಾವೆಲ್ಲ ಸೇರಿ ನಡೆಸುವ ಹಾಡಿನ ಮನೆಯ ಮೊದಲ ಸಭೆ ನಿನ್ನೆ ನಡೆಯಿತು. ಶನಿವಾರದ ಬ್ಯಾಂಡಿನವರಿಗೆ ಸೂಪು ಯಾರು ಮಾಡುವುದು, ಕಕ್ಕಸು ಯಾರು ತೊಳೆಯುವುದು ಎಂದು ಸಂಬಳವಿಲ್ಲದೆ ದುಡಿಯುವ ನಮ್ಮ ಎಂದಿನ ಜಗಳ ಮುಗಿಯಿತು. ಆಮೇಲೆ ನಿನ್ನ ಪಿಯಾನೊದ ಮಾತು ಬಂತು.

“ಅದರ ಶ್ರುತಿ ಯಾವುದರ ಜೊತೆಗೂ ಕೂಡಲ್ಲ. ತೆಗೆದುಹಾಕಿದ್ರೆ ಇನ್ನಷ್ಟು ಜನ ನಿಂತು ಹಾಡು ಕೇಳಬಹುದು,” ಎಂದಳು ಮೈಕು ನೋಡಿಕೊಳ್ಳುವ ಸಿಲ್ಕೆ. ಪ್ರತಿ ವರ್ಷ ನಾನು ಹೇಳುತ್ತಿದ್ದ ಮಾತು ಅದು. ಪ್ರತಿ ವರ್ಷವೂ ನೀನೊಬ್ಬಳು ಬೇಡವೆಂದು ಕೈ ಎತ್ತುತ್ತಿದ್ದೆ. ಒಬ್ಬರು ಬೇಡವೆಂದರೂ ಕೆಲಸ ನಿಲ್ಲಬೇಕೆಂಬುದು ನಮ್ಮ ಪದ್ಧತಿ.

“ಯಾರಾದ್ರೂ ಬೇಡ ಅಂತೀರಾ?” ಎಂದು ಸಭೆ ನಡೆಸುತ್ತಿದ್ದ ಊವೆ ಕೇಳಿದ. ಎಲ್ಲರೂ ನಿನ್ನ ಕುರ್ಚಿಯ ಕಡೆ ನೋಡಿದರು. ನಾನು ಕೈ ಎತ್ತಿದೆ.

“ನೀನಾ ಹೆನ್ನಿಂಗ್? ವೀಬ್ಕೆ ಏನಾದ್ರೂ ಮೈಮೇಲೆ ಬಂದ್ಲೇನೋ?” ಎಂದು ಸಿಲ್ಕೆ ನಕ್ಕಳು. ಕಾರಣ ಕೇಳಿದರು. ನಾನು ಹೇಳಲಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಪಿಯಾನೊದ ಧೂಳು ಒರೆಸಿ ಬಂದೆ.

ಅವರೆಲ್ಲ ನಮ್ಮಿಬ್ಬರಿಗಿಂತ ಎಷ್ಟೋ ವರ್ಷ ಆಮೇಲೆ ಸೇರಿದವರು. ಇವನು ಯಾರ ಜೊತೆಗೂ ಹೊಂದುವುದಿಲ್ಲ, ಹೊರಗೆ ಕಳಿಸೋಣ ಎಂದು ನನ್ನ ಬಗ್ಗೆ ಮಿಕ್ಕವರೆಲ್ಲ ಒಪ್ಪಿದ್ದ ಆ ಸಭೆ ಅವರಿಗೆ ಗೊತ್ತಿಲ್ಲ. ಅಂದು ನೀನೂ ಕಾರಣ ಹೇಳಲಿಲ್ಲ. ಕೈ ಮಾತ್ರ ಎತ್ತಿದೆ.

ಹೆನ್ನಿಂಗ್